ಮೂರನೆಯ ಶಾಲು

ನನ್ನ ಹಳೆಯ ಡೈರಿಯಲ್ಲಿ ಮೇ ಹನ್ನೊಂದರ ಪುಟದಲ್ಲಿ ಇರುವುದು ಇಷ್ಟೇ: ‘ಮತ್ತಿಘಟ್ಟದ ಗೃಹಪ್ರವೇಶ. ಊಟ ಮಾಡದೆ ಬಂದೆ.’

ಆ ಮನೆಯ ಆರ್ಕಿಟೆಕ್ಟ್ ನಾನು. ಹೆಂಚಿಲ್ಲದ ಚಪ್ಪಟೆ ತಾರಸಿ, ಗೋಡೆಯುದ್ದಕ್ಕೂ ಕಿಟಕಿ. ಶಿರಸಿ ಕಡೆ ಅಂಥ ಮನೆ ಆಗ ಇರಲಿಲ್ಲ. ಪೂಜೆ ಮುಗಿದ ಮೇಲೆ ಮನೆ ಕಟ್ಟಿದವರಿಗೆ ಶಾಲು ಹೊದಿಸುವುದು ಪದ್ಧತಿ. ಮೇಸ್ತ್ರಿಗೆ ಹೊದಿಸಿದರು, ಬಡಗಿಗೆ ಹೊದಿಸಿದರು. ಮೂರನೆಯದನ್ನು ಮನೆಯ ಯಜಮಾನರು ನನ್ನ ಗಂಡನಿಗೆ ಹೊದಿಸಿದರು. ಇವರು ಕಾಲೇಜಿನಲ್ಲಿ ಸಂಸ್ಕೃತ ಪಾಠ ಮಾಡುವವರು. ಆ ಮನೆಯನ್ನು ಕಂಡದ್ದೇ ಅಂದು. ನನಗೆ ಸಿಕ್ಕಿದ್ದು ಅರಿಶಿನ ಕುಂಕುಮ, ರವಿಕೆ ಕಣ.

“ನಕ್ಷೆ ಮಾಡಿದ್ದು ನಾನು,” ಎಂದೆ, ಎಲ್ಲರೆದುರಿಗೇ.

“ಹೆಂಗಸ್ರಿಗೆ ಶಾಲು ಹೊದೆಸ ಪದ್ಧತಿ ಇಲ್ಲೆ, ತಂಗಿ. ನಿಂಗಳ ಮನಿಗೇ ಬಂತಲೇ, ಎಂತಕ್ಕೆ ಬೇಜಾರು?” ಎಂದರು ಯಜಮಾನರು.

“ಹಂಗಾರೆ ತಾರಸಿ ಸೋರಿದ್ರೂ ಇವರನ್ನೇ ಕರೆಸಿ.”

ಇವರು ಶಾಲು ತೆಗೆದು ನನಗೆ ಹೊದಿಸಲು ಬಂದರು. ಬೇಡವೆಂದೆ. ಕೊಡಬೇಕಾದವರು ಇವರಲ್ಲವಲ್ಲ.

ಯಜಮಾನರ ತಮ್ಮ ಯಲ್ಲಾಪುರದಲ್ಲಿ ಕಟ್ಟಿಸುವ ಮನೆಯ ಕೆಲಸವೂ ನನಗೇ ಎಂದು ಮಾತಾಗಿತ್ತು. ಅದು ಅಲ್ಲಿಗೇ ತಪ್ಪಿತು. ಮುಂದೆ ಎರಡು ವರ್ಷ ಶಿರಸಿ, ಸಿದ್ದಾಪುರದಲ್ಲಿ ಯಾರೂ ನನ್ನಿಂದ ಮನೆ ಕಟ್ಟಿಸಲಿಲ್ಲ.