ಖಾಲಿ ತೊಟ್ಟಿಲು ತೂಗಿದಾಗ

ಇವತ್ತು ಮಧ್ಯಾಹ್ನ ಅಕ್ಕನ ಕೂಸು ಅಜ್ಜಿಯ ತೊಡೆಯ ಮೇಲೆ ನಿದ್ದೆ ಹೋಗಿತ್ತು. ಮೂಲೆಯಲ್ಲಿದ್ದ ಖಾಲಿ ತೊಟ್ಟಿಲು ಮೆಲ್ಲಗೆ ತೂಗತೊಡಗಿತು. ಯಾರೂ ಮಾತಾಡಿರಲಿಲ್ಲ, ಗಾಳಿಯೂ ಇರಲಿಲ್ಲ. ಅರಗಿನ ಬಣ್ಣದ ವಾಸನೆ ಮಾತ್ರ. ನಗಬೇಡಿ, ಚರ್ಚಾಸ್ಪರ್ಧೆಗಳಲ್ಲಿ ದೆವ್ವಗಳನ್ನು ಮೂರೇ ನಿಮಿಷದಲ್ಲಿ ಓಡಿಸಿದವಳು ನಾನು, ಕಾಲನ್ನು ಮಂಚದ ಮೇಲಕ್ಕೆ ಎಳೆದುಕೊಂಡೆ.

ತೊಟ್ಟಿಲು ದೇವಿಕೊಪ್ಪದ ರೇಣುಕಕ್ಕನ ಕೆಲಸ. ಕಲಘಟಗಿಯ ಬಣ್ಣದ ತೊಟ್ಟಿಲಿಗೆ ಮೋಟಾರು, ಮೈಕು ಕೂಡಿಸಿ, ಕೂಸು ಅತ್ತರೆ ತಾನೇ ತೂಗುವಂತೆ ಮಾಡಿದವಳು. ಅವಳು ಟ್ರಾನ್ಸ್ ಮಹಿಳೆ. ಹೀಗಾಗಿ ಮೈಯಲ್ಲಿ ದೇವಿ ಇದ್ದಾಳೆಂದು ನಂಬಿ, ಪಂಪಿನ ಸ್ಟಾರ್ಟರ್ ರಿಪೇರಿಗೆ ತಂದವರೂ ಮೊದಲು ಆಶೀರ್ವಾದ ಬೇಡುತ್ತಿದ್ದರು. "ಕೈ ಮುಗದ್ರ ಫ್ಯೂಜ್ ಬರೂದಿಲ್ರೀ ಕಾಕಾ" ಎನ್ನುತ್ತ ಅವಳು ಸ್ಕ್ರೂ ಬಿಚ್ಚುತ್ತಿದ್ದಳು.

ಹೋದ ವರ್ಷ ನಾನು ಕಲಿತ ಶಾಲೆಯ ಹುಡುಗಿಯರು ತಮ್ಮ ವಿಜ್ಞಾನ ಸಂಘಕ್ಕೆ ಅವಳೇ ಮಾರ್ಗದರ್ಶಕಿಯಾಗಲಿ ಎಂದು ಹಟ ಹಿಡಿದರು. ಟ್ರಾನ್ಸ್ ಮಹಿಳೆ ಮಕ್ಕಳಿಗೆ ಆದರ್ಶವಾಗಬಹುದೇ ಎಂದು ಪಾಲಕರ ಸಭೆ ಕೂಡಿತು. ವಿರೋಧಕ್ಕೆ ಮಾತುಗಾರರು ಬೇಕಿತ್ತು, ನನ್ನನ್ನು ಕರೆದರು. ನನಗೇನು, ಯಾವ ಪಕ್ಷವಾದರೂ ಸೈ.

"ಆದರ್ಶ ಅಂದ್ರ ಎಲ್ಲಾ ಮಕ್ಕಳು ನಡಿಯೂವಂಥ ದಾರಿ," ಎಂದು ಶುರು ಮಾಡಿದೆ. ವೇದಿಕೆಯಲ್ಲಿ ರೇಣುಕಕ್ಕ ತೋರಿಸಲು ತಂದಿಟ್ಟಿದ್ದ ಇಂಥದ್ದೇ ಒಂದು ಖಾಲಿ ತೊಟ್ಟಿಲು ತೂಗಿತು. ದನಿ ಏರಿಸಿದೆ, ಜೋರಾಗಿ ತೂಗಿತು. ಸುಮ್ಮನಾದೆ, ನಿಂತಿತು. "ತಾಯಿ ಬಂದಾಳ!" ಎಂದು ಯಾರೋ ಕೂಗಿದರು. ಜನ ಚಪ್ಪಲಿ ಬಿಟ್ಟರು. ನಾನೂ ಕೈ ಮುಗಿದೆ.

ಹಿಂದಿನ ಬೆಂಚಿನಿಂದ ರೇಣುಕಕ್ಕ ಎದ್ದಳು. "ತಾಯಿ ಅಲ್ರೀ, ಮೈಕು. ಈ ತಂಗಿ ಒದರೂದು ಅದಕ್ಕ ಕೂಸಿನ ಅಳು ಅನ್ನಿಸೇತಿ."

ಹುಡುಗಿಯರು ನಕ್ಕರು. ದೊಡ್ಡವರು ನಗಲಿಲ್ಲ. "ಮೈಯಾಗ ದೇವಿ ಇದ್ದಾಕಿಗೆ ಮಾಸ್ತರಿಕಿ ಯಾಕ? ಉಡಿ ತುಂಬಿ ಕಳಸೂಣು," ಎಂದರು. ನನ್ನ ಪಕ್ಷ ಗೆದ್ದಿತು, ನನ್ನ ವಾದದಿಂದಲ್ಲ. ಇಡೀ ಸಭೆಯಲ್ಲಿ ಕಾರಣ ಹೇಳಿದವಳು ಒಬ್ಬಳೇ. ಅವಳನ್ನೇ ಸೀರೆ ಕೊಟ್ಟು ಹೊರಗೆ ಕಳಿಸಿದೆವು. ಬಾಗಿಲಲ್ಲಿ ಅವಳು ಕೇಳಿದ್ದು ಇಷ್ಟೇ: "ವಾದ ಚಲೋ ಮಾಡಿದಿ ತಂಗಿ. ಕೈ ಯಾಕ ಮುಗದಿ?"



ಇವತ್ತು ಅಜ್ಜಿ "ಕುಂಕುಮ ತಾರಬೇ" ಎಂದು ಪಿಸುಗುಟ್ಟಿದಳು. ನಾನು ರೇಣುಕಕ್ಕನಿಗೆ ಫೋನ್ ಹಚ್ಚಿದೆ. "ಅಕ್ಕಾ, ಯಾರೂ ಮಾತಾಡಿಲ್ರೀ, ಆದ್ರೂ ತೂಗಾಕತ್ತೇತಿ."

"ಹಂಗ ಆಗಬಾರದಲ್ಲ," ಎಂದಳು. "ಇಲ್ಲಿ ಕುಂತು ನಾ ಏನ್ ಹೇಳ್ಲಿ? ಬಿಚ್ಚಿ ನೋಡು."

ಸ್ಕ್ರೂಡ್ರೈವರ್ ತಂದು ತೊಟ್ಟಿಲ ಕೆಳಗೆ ಮಲಗಿದೆ. ಮುಖದ ಮೇಲೆ ಅದರ ನೆರಳು ಬಂತು, ಹೋಯಿತು, ಮತ್ತೆ ಬಂತು. ಮೊದಲ ಸ್ಕ್ರೂ ಬಿಚ್ಚಿದೆ.