ಗಂಗವ್ವನ ಅಂಗಡಿಯ ಕಡೆಯ ಪತ್ರಿಕೆ

ಮೊನ್ನೆ ಹಳೆಯ ಟ್ರಂಕು ತೆರೆದೆ, ನುಸಿಗುಳಿಗೆಯ ವಾಸನೆ ಮೂಗಿಗೆ ಬಡಿಯಿತು. ನಿಮಗಾದರೆ ರೇಷ್ಮೆ ಸೀರೆಯೋ ಮದುವೆಯೋ ನೆನಪಾದೀತು. ನನಗೆ ನೆನಪಾದದ್ದು ನಮ್ಮ ಕೊಪ್ಪಳದ ಹಳೆಯ ವಾಚನಾಲಯ.

ಆಗ ನಿಜಾಮರ ಆಳ್ವಿಕೆ, ದೂರದಲ್ಲೆಲ್ಲೋ ಮಹಾಯುದ್ಧ. ನಾನೂ ಗೆಳೆಯ ರಸೂಲಸಾಬನೂ ತಹಸೀಲ್ದಾರರ ಕಚೇರಿಯಲ್ಲಿ ಗುಮಾಸ್ತರು. ಹಗಲೆಲ್ಲ ಉರ್ದು ಬರೆದು, ಸಂಜೆ ಗಂಗವ್ವನ ಅಂಗಡಿಗೆ ಹೋಗಿ ಕನ್ನಡ ಓದುವುದು ನಮ್ಮ ರೂಢಿ. ಸಬಕಾರ, ದಾರ, ಬೆಲ್ಲ ಮಾರುತ್ತಿದ್ದ ಆ ವಿಧವೆಗೆ ಅಕ್ಷರ ಬಾರದು. ಪೊಟ್ಟಣ ಕಟ್ಟಲಿಕ್ಕೆ ಎಂಬ ನೆಪ ಹೇಳಿ ಹುಬ್ಬಳ್ಳಿಯಿಂದ ರೈಲಿನಲ್ಲಿ ಪತ್ರಿಕೆ ತರಿಸುತ್ತಿದ್ದಳು. ಆದರೆ ಯಾರಾದರೂ ಅದನ್ನು ಗಟ್ಟಿಯಾಗಿ ಓದಿ ಹೇಳುವವರೆಗೆ ಒಂದು ಚೂರೂ ಹರಿಯುತ್ತಿರಲಿಲ್ಲ. ಬೆಲ್ಲಕ್ಕೆ ಬಂದವರು ಬರ್ಮಾದ ಸುದ್ದಿ ಕೇಳದೆ ಮನೆಗೆ ಹೋಗುವಂತಿರಲಿಲ್ಲ. ರಸೂಲಸಾಬ ಕನ್ನಡ ಅಕ್ಷರ ಕಲಿತದ್ದೂ ಅಲ್ಲಿಯೇ.

ಪಕ್ಕದಲ್ಲೇ ವಾಚನಾಲಯ. ಎರಡೂ ಕಟ್ಟಡ ಒಬ್ಬ ವಕೀಲರವು; ವಾಚನಾಲಯದ ಅಧ್ಯಕ್ಷರೂ ಅವರೇ. ಜನರಲ್ಲಿ ಓದುವ ಅಭಿರುಚಿ ಬೆಳೆಯಬೇಕೆಂದು ಅವರಿಗೆ ಭಾರೀ ಕಳವಳ. ಅದಕ್ಕಾಗಿ ವಾಚನಾಲಯವನ್ನು ದೊಡ್ಡದು ಮಾಡಲು ಹೊರಟು, ಊರಲ್ಲಿ ನಿಜವಾಗಿ ಓದು ನಡೆಯುತ್ತಿದ್ದ ಒಂದೇ ಜಾಗವನ್ನು ಖಾಲಿ ಮಾಡಿಸಿದರು. ಗಂಗವ್ವ ಕುಕನೂರಿನ ಮಗಳ ಮನೆಗೆ ಹೊರಟಳು. ಅವಳು ಅಂಗಡಿ ಮುಚ್ಚುವ ದಿನವೇ ವಾಚನಾಲಯದಲ್ಲಿ ಗ್ರಂಥ ಪ್ರದರ್ಶನ.

ಕಚೇರಿಯವರೆಲ್ಲ ಬರಬೇಕೆಂದು ತಹಸೀಲ್ದಾರರ ಅಪ್ಪಣೆಯಾಗಿತ್ತು, ಹೋದೆವು. ಬೀಗ ಹಾಕಿದ ಗಾಜಿನ ಕಪಾಟುಗಳಲ್ಲಿ ನುಸಿಗುಳಿಗೆಗಳ ಕಾವಲಿನಲ್ಲಿ ಪುಸ್ತಕಗಳು ಕೂತಿದ್ದವು. ವಕೀಲರು ಕನ್ನಡದ ಹಿರಿಮೆಯನ್ನು, ತಹಸೀಲ್ದಾರರಿಗೆ ತಿಳಿಯಲೆಂದು, ಉರ್ದುವಿನಲ್ಲಿ ವರ್ಣಿಸಿದರು. ತಹಸೀಲ್ದಾರರು ತೂಕಡಿಸಿದರು. ಊರವರಿಗೆ ಒಂದು ಮಾತೂ ತಿಳಿಯಲಿಲ್ಲ. ಚಪ್ಪಾಳೆಗೆ ಮಾತ್ರ ಕೊರತೆಯಾಗಲಿಲ್ಲ.

ಒಂದು ಪುಸ್ತಕ ತೆಗೆದು ತೋರಿಸಬಹುದೇ ಎಂದು ರಸೂಲಸಾಬ ಕೇಳಿದ.

“ಕೈ ಹಚ್ಚಿದ್ರ ಹೊಲಸಾಗ್ತಾವಪಾ,” ಎಂದರು ವಕೀಲರು. “ಇವು ಬರೇ ನೋಡಾಕ ಅದಾವ.”

ನೋಡಿದ್ದಾಯಿತೆಂದು ಮೆಲ್ಲಗೆ ಹೊರಬಿದ್ದೆವು. ಅಂಗಡಿಯ ಮುಂದೆ ಬಂಡಿ ನಿಂತಿತ್ತು. ಉಳಿದ ಸಾಮಾನು ಅಗ್ಗಕ್ಕೆ ಸಿಗುತ್ತದೆಂದು ಜನ ಮುತ್ತಿದ್ದರು. ಗಂಗವ್ವ ಬೆಲ್ಲವನ್ನು ಅವರವರ ಸೆರಗಿಗೇ ಸುರಿಯುತ್ತಿದ್ದಳು. ಪೊಟ್ಟಣ ಕಟ್ಟಿಕೊಡೆಂದು ಒಬ್ಬ ಗದರಿದರೂ, ಮಡಿಕೆ ಬಿಚ್ಚದ ಪತ್ರಿಕೆ ಅವಳ ಮಗ್ಗುಲಲ್ಲೇ ಇತ್ತು.

ನಮ್ಮನ್ನು ಕಂಡವಳೇ, “ತಡಾ ಮಾಡಿದ್ರಿ ತಮ್ಮಾ,” ಎಂದಳು. “ಗಾಡಿ ಕಟ್ಯಾರ. ಲಗೂನ ಓದ್ರಿ.”

ರಸೂಲಸಾಬ ನಿಂತುಕೊಂಡೇ ಓದಿದ. ಯುದ್ಧದ ಸುದ್ದಿ ಮುಗಿಯಿತು, ಹತ್ತಿಯ ಧಾರಣೆ ಮುಗಿಯಿತು, ಕೂದಲೆಣ್ಣೆಯ ಜಾಹೀರಾತೂ ಮುಗಿಯಿತು. ಬಂಡಿಯವನು ಎರಡು ಸಲ ಕೆಮ್ಮಿದ. ರಸೂಲಸಾಬ ಹಾಳೆ ತಿರುಗಿಸಿ ಮತ್ತೆ ಕೂದಲೆಣ್ಣೆಗೆ ಬಂದ.

“ಅದನ್ನ ಆಗಳೇ ಓದಿದಿ,” ಎಂದಳು ಗಂಗವ್ವ.

ಅವಳು ಪತ್ರಿಕೆ ಇಸಿದುಕೊಂಡು ಹರಿದು, ಕಡೆಯ ಬೆಲ್ಲವನ್ನು ನಮ್ಮಿಬ್ಬರಿಗೂ ಪೊಟ್ಟಣ ಕಟ್ಟಿಕೊಟ್ಟು, ಬಂಡಿ ಹತ್ತಿದಳು.

ಆ ಜಾಗಕ್ಕೂ ಕಪಾಟುಗಳು ಬಂದವು. ಮುಂದೆ ಬೀಗದ ಕೈ ಕಳೆದು ಬೀಗ ಒಡೆಸಿದಾಗ ಗೊತ್ತಾಯಿತು, ಗೆದ್ದಲು ಅಧ್ಯಕ್ಷರ ಅಪ್ಪಣೆ ಕೇಳದೆ ಎಲ್ಲವನ್ನೂ ಓದಿ ಮುಗಿಸಿತ್ತು.

ಇಂದಿಗೂ ಪತ್ರಿಕೆಯನ್ನು ಮನಸ್ಸಿನಲ್ಲೇ ಓದಿಕೊಳ್ಳಲು ನನಗೆ ಬರುವುದಿಲ್ಲ. ಗಟ್ಟಿಯಾಗಿ ಶುರು ಮಾಡಿದರೆ ಮನೆಯವರು ಒಬ್ಬೊಬ್ಬರೇ ಎದ್ದುಹೋಗುತ್ತಾರೆ. ಈ ಬೆಳಿಗ್ಗೆ ಕೇಳುವವರಿಲ್ಲವೆಂದು ಅರ್ಧಕ್ಕೇ ನಿಲ್ಲಿಸಿದೆ. ಅಡುಗೆಮನೆಯಿಂದ ಸೊಸೆಯ ದನಿ ಬಂತು:

“ಯಾಕ ನಿಲ್ಲಿಸಿದ್ರಿ ಮಾವಾರ? ಮುಂದಿಂದು ಓದ್ರಿ.”