ಮಡಚಿಟ್ಟ ಕಾಲು

ರೋಗಿಗಳನ್ನು ನೋಡುವಾಗ ಅವರು ಎರಡೂ ಕಾಲು ಮಡಚಿ ಕುರ್ಚಿಯ ಮೇಲಿಟ್ಟುಕೊಂಡು, ಧೋತರದ ಅಂಚನ್ನು ಪಾದಗಳ ಮೇಲೆ ಎಳೆದುಕೊಳ್ಳುತ್ತಿದ್ದರು. ಸವಣೂರಿನ ಕಣ್ಣಿನ ಡಾಕ್ಟರರ ಈ ರೂಢಿಗೆ ಕೆಲವರು ನಗುತ್ತಿದ್ದರು. ಕಾರಣ ಹೇಳಿದವನು ಅವರ ಕಂಪೌಂಡರ್. ಹಿಂದೊಮ್ಮೆ ಮಾಸೂರಿನ ರೈತನೊಬ್ಬ ಪೊರೆ ತೆಗೆಸಿಕೊಂಡ ಆರನೆಯ ದಿನ, ಕಣ್ಣು ಬಂದ ಸಂತೋಷಕ್ಕೆ, ಬಗ್ಗಿ ಅವರ ಕಾಲು ಮುಟ್ಟಿದ್ದ. ಬಗ್ಗಿದ ರಭಸಕ್ಕೆ ಗಾಯ ಬಿಚ್ಚಿ, ಬಂದ ಕಣ್ಣು ಹೋಯಿತು. ಅಂದಿನಿಂದ ಡಾಕ್ಟರು ತಮ್ಮ ಪಾದಗಳನ್ನು ಯಾರ ಕೈಗೂ ಸಿಗಗೊಡಲಿಲ್ಲ.

ಯುದ್ಧದ ವರ್ಷಗಳವು. ಬಿ.ಎ. ಓದುತ್ತಿದ್ದ ಹುಡುಗಿ ನಾನು ರಜೆ ಹಾಕಿ, ಪೆಟ್ರೋಲ್ ಸಿಗದೆ ಇದ್ದಿಲಿನಿಂದ ಓಡುತ್ತಿದ್ದ ಬಸ್ಸಿನಲ್ಲಿ ಹಿರೇಕೆರೂರಿನಿಂದ ಅವ್ವನನ್ನು ಸವಣೂರಿಗೆ ಕರೆತಂದೆ. ಅವಳ ಎಡಗಣ್ಣು ಮೊದಲೇ ಹೋಗಿತ್ತು. ಉಳಿದ ಒಂದಕ್ಕೂ ಪೊರೆ ಬಂದಿತ್ತು.

ಮುಂಬಯಿಯಲ್ಲಿ ಕಲಿಯುವಾಗ ಡಾಕ್ಟರು ಆಡಿನ ಕಣ್ಣುಗಳ ಮೇಲೆ ಕೈ ಪಳಗಿಸಿಕೊಂಡವರು. ತಲೆ ನರೆತ ಮೇಲೂ ಪ್ರತಿ ಆಪರೇಶನ್ನಿನ ಹಿಂದಿನ ದಿನ ಮಾಂಸದಂಗಡಿಯಿಂದ ಎರಡು ಕಣ್ಣು ತರಿಸಿ ಕೊಯ್ದು ನೋಡುತ್ತಿದ್ದರು.

"ಇನ್ನೂ ಕಲಿಯಾಕತ್ತೀರೇನ್ರಿ?" ಎಂದು ಅವ್ವ ಹೆದರಿ ಕೇಳಿದಳು.

"ಕೈಗೆ ಸೊಕ್ಕು ಬರಬಾರದ್ರಿ ಅವ್ವಾರ. ತಪ್ಪಿದ್ರ ಆಡು ಬೈಯೂದಿಲ್ಲ, ನೀವು ಬೈತೀರಿ."

ಮಕ್ಕಳ ಕಣ್ಣಿಗೆ ಪಟ್ಟಿ ಕಟ್ಟುವ ಮೊದಲು ತಮ್ಮ ಕಣ್ಣಿಗೇ ಒಂದು ಕಟ್ಟಿಕೊಂಡು ಅವರನ್ನು ನಗಿಸಲು ಬೇಕೆಂದೇ ಬಾಗಿಲಿಗೆ ಹಾಯುತ್ತಿದ್ದರು.

ಆಪರೇಶನ್ ಆದ ಮೇಲೆ ಒಂಬತ್ತು ದಿನ, ಅಲುಗದಂತೆ, ಅವ್ವನ ತಲೆಯ ಎರಡೂ ಬದಿಗೆ ಮರಳಿನ ಚೀಲಗಳು. ಅವಳು ಕೆಮ್ಮಿದರೆ ನಾನು ಎದ್ದು ಅವಳ ಹಣೆ ಒತ್ತಿ ಹಿಡಿಯುತ್ತಿದ್ದೆ. ಹತ್ತನೆಯ ದಿನ ಸಂಜೆ, ಅವಳನ್ನು ಎಬ್ಬಿಸಿ ಕೂರಿಸಿ, ಡಾಕ್ಟರು ಮಂಚದ ಪಕ್ಕ ನಿಂತು ಪಟ್ಟಿ ಬಿಚ್ಚಿದರು. ನಿಂತವರು ಕಾಲು ಎಲ್ಲಿ ಮಡಚಿಕೊಂಡಾರು?

"ನಿಮ್ಮ ತಲಿ ಇಷ್ಟ ಬೆಳ್ಳಗೈತೇನ್ರಿ?" ಎನ್ನುತ್ತಲೇ ಅವ್ವ ಅವರ ಪಾದಕ್ಕೆ ಬಗ್ಗತೊಡಗಿದಳು. ನಾನು ಹಿಂದಿನಿಂದ ಅವಳ ತುರುಬು ಹಿಡಿದು ಎಳೆದೆ.

"ಬಿಡಬ್ಯಾಡ ತಂಗಿ, ಹಂಗ ಹಿಡಿ," ಎಂದರು ಡಾಕ್ಟರು. ಮತ್ತೆ ಪಟ್ಟಿ ಕಟ್ಟಿ, "ನಾಳೆ ಬೆಳಕಿನ್ಯಾಗ ನೋಡೂಣು," ಎಂದಷ್ಟೇ ಹೇಳಿ ಹೋದರು. ಬಗ್ಗಿದ್ದರಿಂದ ಕೇಡಾಯಿತೋ, ನಾನು ಎಳೆದದ್ದರಿಂದಲೋ ಎಂದು ನನಗೆ ನಿದ್ರೆ ಬರಲಿಲ್ಲ.

ಮೊನ್ನೆ ಅವರು ತೀರಿಕೊಂಡ ಸುದ್ದಿ ಬಂದಾಗ ನೆನಪಾದದ್ದು ಪಟ್ಟಿ ಬಿಚ್ಚಿದ ಸಂಜೆಯ ಮರುದಿನದ ಬೆಳಗು. ಡಾಕ್ಟರು ಅವ್ವನ ಕಣ್ಣನ್ನು ಕಿಟಕಿಯ ಬಳಿ ಬಹಳ ಹೊತ್ತು ನೋಡಿದರು. "ಗಾಯ ಕೂಡೇತಿ," ಎಂದು ಕುರ್ಚಿಯಲ್ಲಿ ಕುಸಿದು ಕುಳಿತರು. ಕಾಲು ಮಡಚುವುದನ್ನು ಮರೆತಿದ್ದರು.

"ನೋಡಲ್ಲೆ, ಕಾಲು ಕೆಳಗ ಅದಾವು," ಎಂದು ಅವ್ವ ಅಲುಗಾಡದೆ ಪಿಸುಗುಟ್ಟಿದಳು. "ನನ್ನ ಪಾಲಿಂದೂ ನೀನ ಮಾಡು."

ನಾನು ಎರಡು ಸಲ ಬಗ್ಗಿದೆ.